ಗ್ರಹಚಾರ ಬರೆಯುವ ನಮ್ಮ ಭಾವ

ನಮ್ಮ ಭಾವ ಇದುವರೆಗೆ ಎಷ್ಟು ಜನರನ್ನು ಕೊಂದಿದ್ದಾರೆ ಎಂಬುದಕ್ಕೆ ಖಚಿತ ಲೆಕ್ಕ ನನ್ನ ಬಳಿ ಇಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ತಲೆ ನರೆಸಿಕೊಂಡವನು ನಾನು. ಸತ್ತವರ ಸಂಖ್ಯೆಯನ್ನು ಎರಡು ಕಡೆಯಿಂದ ಖಾತರಿ ಮಾಡಿಕೊಳ್ಳದೆ ಅಚ್ಚಿಗೆ ಬಿಡುವ ಅಭ್ಯಾಸ ನನಗಿಲ್ಲ. ಆದರೆ ಭಾವನ ವಿಷಯದಲ್ಲಿ ಖಾತರಿ ಕೊಡಲು ಒಬ್ಬರಾದರೂ ಉಳಿದಿರಬೇಕಲ್ಲ? ಅವರ ಕೈಗೆ ಸಿಕ್ಕವರು ಕರಗುತ್ತಾರೆ, ಹೆಪ್ಪುಗಟ್ಟುತ್ತಾರೆ, ಪಾಚಿಯಾಗುತ್ತಾರೆ, ಕೆಲವರು ಅಂಗಿ ಮಗುಚಿದ ಹಾಗೆ ಒಳಗಿನಿಂದ ಹೊರಕ್ಕೆ ಮಗುಚಿಕೊಳ್ಳುತ್ತಾರೆ. ಇಷ್ಟಾದರೂ ಭಾವ ಅರೆಕೆರೆಯ ತಮ್ಮ ಮನೆಯ ವರಾಂಡದಲ್ಲಿ ಲುಂಗಿಯುಟ್ಟು, ಮಧ್ಯಾಹ್ನದ ಮುದ್ದೆ ಅರಗಿಸಿಕೊಳ್ಳುತ್ತಾ ನೆಮ್ಮದಿಯಾಗಿ ಕೂತಿರುತ್ತಾರೆ. ಪೊಲೀಸರೂ ಏನೂ ಮಾಡುವಂತಿಲ್ಲ. ಅಪರಾಧ ನಡೆದದ್ದೆಲ್ಲ ಬೇರೆ ಗ್ರಹಗಳಲ್ಲಿ!

ಭಾವ, ಅಂದರೆ ನಮ್ಮ ಅಕ್ಕನ ಗಂಡ, ವೈಜ್ಞಾನಿಕ ಕಿರುಕಾದಂಬರಿಗಳನ್ನು ಬರೆಯುತ್ತಾರೆ. ಅವರ ತಾತ ಸೊಪ್ಪು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಬಾಡಿಗೆಯವರು ಮೇಲೆ, ಅಕ್ಕ ಭಾವ ಕೆಳಗೆ. ಹೊಲ ಬಾಡಿಗೆ ಬೆಳೆಯತೊಡಗಿದ ಮೇಲೆ ಭಾವನಿಗೆ ಮಾಡಲು ಬೇರೆ ಕೆಲಸವಿಲ್ಲ. ಬೇರೆಯವರಾಗಿದ್ದರೆ ಕಾರ್ಪೊರೇಷನ್ ಚುನಾವಣೆಗೆ ನಿಲ್ಲುತ್ತಿದ್ದರು. ಭಾವ ಅನ್ಯಲೋಕಗಳ ಕಡೆ ಹೊರಟರು. ಯಾವುದರಿಂದ ಊರಿಗೆ ಹೆಚ್ಚು ನಷ್ಟವಾಗುತ್ತಿತ್ತು ಎಂದು ಹೇಳಲಾರೆ.

ಕತೆ ಎಲ್ಲದರಲ್ಲೂ ಒಂದೇ. ಒಂದು ನೌಕೆ ಯಾರೂ ಕಾಣದ ಗ್ರಹವೊಂದಕ್ಕೆ ಹೋಗಿ ಇಳಿಯುತ್ತದೆ. ಆಕಾಶ ಕಪ್ಪಗಿರುತ್ತದೆ, ನೆಲ ಉಸಿರಾಡುತ್ತಿರುತ್ತದೆ. ತಂಡದಲ್ಲಿ ಒಬ್ಬ "ಇಲ್ಲಿ ಏನೋ ಸರಿಯಿಲ್ಲ" ಎನ್ನುತ್ತಾನೆ. ತಕ್ಷಣ ಉಳಿದವರು ಬಾಗಿಲು ತೆರೆಯುತ್ತಾರೆ. ಸರಿಯಿಲ್ಲ ಎಂದು ಗೊತ್ತಾದ ಮೇಲೂ ಯಾಕೆ ಬಾಗಿಲು ತೆರೆಯುತ್ತಾರೆ ಎಂದು ಒಮ್ಮೆ ಕೇಳಿದ್ದೆ.

"ತೆಗೀದೆ ಇದ್ರೆ ಪುಸ್ತಕ ಅಲ್ಲಿಗೇ ನಿಂತೋಗುತ್ತೆ ಕಣಯ್ಯಾ," ಎಂದರು ಭಾವ. "ಪ್ರಿಂಟಿಂಗ್‌ನೋನು ಅಷ್ಟು ತೆಳ್ಳಗಿದ್ರೆ ಬೈಂಡ್ ಮಾಡಲ್ಲ."

ಸಾಯುವವರು ಯಾರು ಎಂಬುದಕ್ಕೂ ಒಂದು ಕ್ರಮವಿದೆ. ಗೇಟಿಗೆ ಅಡ್ಡ ಬೈಕು ನಿಲ್ಲಿಸುವ ಬಾಡಿಗೆಯವನು ಮುಂದಿನ ಪುಸ್ತಕದಲ್ಲಿ ಸಹಾಯಕ ಇಂಜಿನಿಯರ್ ಆಗಿ ಆಮ್ಲದ ಕೆರೆಗೆ ಬೀಳುತ್ತಾನೆ. ಬಾಲ್ಕನಿಯಿಂದ ಒದ್ದೆ ಬಟ್ಟೆ ತೊಟ್ಟಿಕ್ಕಿಸುವ ಎರಡನೇ ಮಹಡಿಯವರನ್ನು ಒಂದು ಗ್ರಹದ ಮಳೆಯೇ ತಿಂದುಹಾಕಿತು. ಮೋಟರ್ ಆಫ್ ಮಾಡದೆ ಟ್ಯಾಂಕು ಉಕ್ಕಿಸಿದ ಹುಡುಗರು ಇಡಿಯಾಗಿ, ಗುಂಪಾಗಿ ಹೋದರು. ಹೀಗಾಗಿ ಆ ಕಟ್ಟಡದಲ್ಲಿ ಭಾವನ ಪುಸ್ತಕಗಳಿಗೆ ಖಾಯಂ ಓದುಗರಿದ್ದಾರೆ. ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ, ತಮ್ಮ ಮೇಲೆ ಏನು ದೂರಿದೆ ಎಂದು ತಿಳಿಯಲು. "ಅಂಕಲ್, ಈ ಸಲ ನಾನು ಇಲ್ಲ ತಾನೆ?" ಎಂದು ಮೆಟ್ಟಿಲಲ್ಲಿ ನಿಂತು ಕೇಳುವವರನ್ನು ನಾನೇ ನೋಡಿದ್ದೇನೆ.

ಇಷ್ಟು ಜನ ಓದಿದರೂ ಭಾವನಿಗೆ ತೃಪ್ತಿಯಿಲ್ಲ. ಅವರಿಗೆ ಬೇಕಾಗಿದ್ದದ್ದು ಒಬ್ಬಳೇ ಓದುಗಾರ್ತಿ, ನಮ್ಮ ಅಕ್ಕ. ಅಕ್ಕ ಓದುವವಳಲ್ಲವೇ ಎಂದರೆ, ಬೆಳಗಿನ ಪತ್ರಿಕೆಯನ್ನು ಟೆಂಡರ್ ಪ್ರಕಟಣೆಯ ಸಮೇತ ಓದುತ್ತಾಳೆ. ಕಡಲೆಕಾಯಿ ಕಟ್ಟಿ ಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಾಳೆ. ಗಂಡನ ಪುಸ್ತಕವನ್ನು ಮಾತ್ರ ಒಂದು ಸಾಲೂ ಓದಿದವಳಲ್ಲ.

"ಮನೇಲಿ ಬದುಕಿರೋರ್ನ ನೋಡ್ಕೊಳ್ಳೋಕೇ ನಂಗೆ ಟೈಮಿಲ್ಲ. ಇವರು ಸಾಯ್ಸಿದೋರ್ನೆಲ್ಲ ಎಲ್ಲಿ ನೋಡ್ಕೊಂಡ್ ಕೂರ್ಲಿ?" ಎನ್ನುವುದು ಅವಳ ವಾದ.

ಭಾವ ಬಗೆಬಗೆಯಾಗಿ ಪ್ರಯತ್ನಿಸಿದರು. ಪುಸ್ತಕವನ್ನು ಅಡಿಗೆಮನೆಯ ಕಟ್ಟೆಯ ಮೇಲೆ, ರೋಚಕ ಪುಟ ತೆರೆದು ಇಟ್ಟು ಬಂದರು. ಅಕ್ಕ ಅದರ ಮೇಲೆ ಬಿಸಿ ಬಾಣಲೆ ಇಳಿಸಿದಳು. ಇನ್ನೊಂದು ಪ್ರತಿ ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಳವಾಯಿತು. ರಾತ್ರೋರಾತ್ರಿ ಹಿಟ್ಟು ಉಬ್ಬಿ, ಮುಖಪುಟದ ಗ್ರಹವನ್ನು ನಿಜಕ್ಕೂ ಯಾವುದೋ ಜೀವಿ ಆಕ್ರಮಿಸಿಕೊಂಡಂತಿತ್ತು. ಕೊನೆಗೆ ಭಾವ ತಾವೇ ಓದಿ ಹೇಳಲು ನಿಂತರು. ಕ್ಯಾಪ್ಟನ್ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಅಕ್ಕ ಮಿಕ್ಸಿ ಹಾಕಿದಳು. ಭಾವ ಕಾದರು. ಮಿಕ್ಸಿ ನಿಂತಿತು. "ಕ್ಯಾಪ್ಟನ್ ಕೊನೆಯದಾಗಿ ಹೇಳಿದ..." ಎಂದರು. ಅಕ್ಕ ಮತ್ತೊಂದು ಹಿಡಿ ಕಾಯಿ ಹಾಕಿ ಮತ್ತೆ ತಿರುವಿದಳು. ಆ ಕ್ಯಾಪ್ಟನ್ ಕೊನೆಯದಾಗಿ ಏನು ಹೇಳಿದನೆಂಬುದು ನನಗೂ ಇವತ್ತಿಗೂ ಗೊತ್ತಿಲ್ಲ. ಚಟ್ನಿ ಮಾತ್ರ ನುಣ್ಣಗೆ ಬಂದಿತ್ತು.

ಇಂಥ ಭಯಾನಕ ಲೋಕಗಳನ್ನು ಹೊಕ್ಕು ಬರುವ ಲೇಖಕ ಎಂಥ ಸಾಹಸಿಯೋ ಎಂದು ನೀವು ಭಾವಿಸಬಹುದು. ಜಯನಗರ ನಾಲ್ಕನೇ ಬ್ಲಾಕ್ ದಾಟಿ ಆಚೆ ಹೋಗಬೇಕೆಂದರೆ ಭಾವನಿಗೆ ಹಿಂದಿನ ದಿನದಿಂದಲೇ ಊಟ ಸೇರುವುದಿಲ್ಲ. ಮಲ್ಲೇಶ್ವರದ ಮದುವೆಗಳಿಗೆ ಅಕ್ಕ ಒಬ್ಬಳೇ ಹೋಗಿ ಬರುತ್ತಾಳೆ. "ಅಷ್ಟು ದೂರ ಯಾರು ಹೋಗ್ತಾರೆ?" ಎನ್ನುತ್ತಾರೆ, ಹಿಂದಿನ ವಾರವಷ್ಟೇ ಇನ್ನೊಂದು ನಕ್ಷತ್ರಮಂಡಲದಿಂದ ಹಿಂತಿರುಗಿದವರು.

ಆದರೂ ಒಮ್ಮೆ ಅನ್ವೇಷಣೆ ನಡೆಯಿತು. ನೆಲದಡಿಯ ಗುಹೆಯಲ್ಲಿ ಮನುಷ್ಯನ ಉಸಿರು ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕಾಗಿತ್ತಂತೆ. ಮನೆಯ ಮುಂದಿನ ನೀರಿನ ಸಂಪು ತೊಳೆಸಿ ಒಣಗಲು ಬಿಟ್ಟಿದ್ದ ದಿನ ನೋಡಿ, ರೇನ್‌ಕೋಟು ತೊಟ್ಟು, ಹೆಲ್ಮೆಟ್ ಹಾಕಿ, ಟಾರ್ಚು ಹಿಡಿದು ಭಾವ ಒಳಗಿಳಿದರು. ಇಳಿದದ್ದನ್ನು ಯಾರಿಗೂ ಹೇಳಿರಲಿಲ್ಲ. ಅನ್ವೇಷಕರು ಹೇಳಿ ಹೋಗುತ್ತಾರೆಯೆ? ಮೊದಲನೇ ಮಹಡಿಯ ಬಾಡಿಗೆಯವರು ಬಂದು ನೋಡಿದರು. ಸಂಪಿನ ಬಾಯಿ ತೆರೆದಿದೆ, ಮಕ್ಕಳು ಓಡಾಡುವ ಜಾಗ. ಜವಾಬ್ದಾರಿಯುತ ನಾಗರಿಕರಾಗಿ ಮುಚ್ಚಳ ಎಳೆದು ಮುಚ್ಚಿ, ಮಕ್ಕಳು ಮತ್ತೆ ತೆಗೆಯದಿರಲಿ ಎಂದು ಮೇಲೆ ಸ್ಕೂಟರು ನಿಲ್ಲಿಸಿ ಆಫೀಸಿನ ಬಸ್ ಹತ್ತಿದರು.

ಅಂದು ನಾನು ಅಕ್ಕನ ಮನೆಯಲ್ಲೇ ಇದ್ದೆ. ನೆಲದೊಳಗಿಂದ ಡಬಡಬ ಸದ್ದು ಬರತೊಡಗಿತು. ಅಕ್ಕ ಗೇಟಿನ ಬಳಿ ಸೊಪ್ಪಿನವನ ಜೊತೆ ಚೌಕಾಸಿಯಲ್ಲಿದ್ದಳು. ಹಿಂತಿರುಗಿ ನೋಡಿದಳು, ವರಾಂಡದಲ್ಲಿ ಗಂಡನಿಲ್ಲ, ಗೂಟದಲ್ಲಿ ರೇನ್‌ಕೋಟಿಲ್ಲ. ವಿಷಯ ಅರ್ಥವಾಯಿತು.

"ರೀ, ಒಳಗಿದೀರಾ?" ಎಂದಳು ನೆಲದ ಕಡೆ ಬಾಗಿ.

"ಹೂಂ ಕಣೇ, ತೆಗಿ!"

"ಒಂದ್ ನಿಮಿಷ ಇರಿ. ದಂಟಿನ ಸೊಪ್ಪು ಬಂದಿದೆ, ತೊಗೊಂಡ್ ಬರ್ತೀನಿ."

ಸೊಪ್ಪು ಆರಿಸಿ, ಚಿಲ್ಲರೆ ಇಸಿದುಕೊಂಡು, ಆಮೇಲೆ ನಾವಿಬ್ಬರೂ ಸ್ಕೂಟರು ಸರಿಸಿದೆವು. ಬೆವರಿ ಮುದ್ದೆಯಾಗಿ ಮೇಲೆ ಬಂದ ಭಾವ ಕಣ್ಣರಳಿಸಿ ಹೇಳಿದ್ದು, "ಸಖತ್ ಅನುಭವ." ಮುಂದಿನ ಪುಸ್ತಕದಲ್ಲಿ ಮೊದಲನೇ ಮಹಡಿಯವರು ಎಲ್ಲರಿಗಿಂತ ನಿಧಾನವಾಗಿ ಸತ್ತರು.

ಭಾವನಿಗೆ ಹೆಸರು ತಂದುಕೊಟ್ಟ ಪುಸ್ತಕವೂ ಅದೇ. ಅದಕ್ಕೆ ಅವರು 'ಗ್ರಹಚಾರ' ಎಂದು ಹೆಸರಿಟ್ಟಿದ್ದರು.

"ಭಾವ, ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥ ಇದೆ," ಎಂದೆ ನಾನು, ವೃತ್ತಿಧರ್ಮಕ್ಕೆ ಬದ್ಧನಾಗಿ.

"ಗ್ರಹದ ಮೇಲೆ ಚಾರ. ಬೆಟ್ಟ ಹತ್ತೋದಕ್ಕೆ ಚಾರಣ ಅನ್ನಲ್ವಾ, ಹಾಗೆ. ನೀವು ಪೇಪರ್‌ನೋರು ಪದಗಳನ್ನೆಲ್ಲ ಸವೆಸಿ ಹಾಳು ಮಾಡಿದೀರ. ನಾನು ರಿಪೇರಿ ಮಾಡ್ತಿದೀನಿ."

ರಿಪೇರಿ ಆದದ್ದು ಹೀಗೆ. ಮುಖಪುಟ ಬರೆದವನು ಕಪ್ಪು ಹಿನ್ನೆಲೆಯಲ್ಲಿ, ಸುತ್ತ ಬಳೆಯಿರುವ ಗ್ರಹವೊಂದನ್ನು ದೊಡ್ಡದಾಗಿ ಬಿಡಿಸಿದ. ಕಪ್ಪು ಬಣ್ಣ, ಶನಿ, ಮೇಲೆ ಕೆಂಪಕ್ಷರದಲ್ಲಿ ಗ್ರಹಚಾರ. ಜಯನಗರದ ಅಂಗಡಿಯವನು ಅದನ್ನು ಕಂಡವನೇ ಪಂಚಾಂಗಗಳ ಪಕ್ಕ ಜೋಡಿಸಿದ. ಪ್ರಿಂಟಿಂಗ್ ಪ್ರೆಸ್ಸಿನವನು ಬಿಡುಗಡೆಗೆ ಮುಖ್ಯ ಅತಿಥಿಯನ್ನು ತಾನೇ ಗೊತ್ತು ಮಾಡುತ್ತೇನೆಂದು ಹೇಳಿ, ಬನಶಂಕರಿ ಕಡೆಯ ಜ್ಯೋತಿಷಿಯೊಬ್ಬರನ್ನು ಕರೆತಂದ. ಅವರು ಪುಸ್ತಕವನ್ನು ತೆರೆದಿರಲಿಲ್ಲ. ಆ ಮಟ್ಟಿಗೆ ನಮ್ಮ ಸಾಹಿತ್ಯ ಸಭೆಗಳ ಸಂಪ್ರದಾಯಕ್ಕೆ ಅವರಿಂದ ಯಾವ ಭಂಗವೂ ಬರಲಿಲ್ಲ.

"ಭೀಕರವಾದ ಗ್ರಹಗಳ ಪ್ರಭಾವವನ್ನ ಲೇಖಕರು ಸ್ವತಃ ಅನುಭವಿಸಿ ಬರೆದಿದಾರೆ," ಎಂದು ಆರಂಭಿಸಿ, ಎಂಟನೇ ಮನೆಗೆ ಹೋಗಿ, ಅಲ್ಲಿಂದ ಸಾಡೇಸಾತಿಗೆ ಇಳಿದು, ಎಳ್ಳೆಣ್ಣೆಯಲ್ಲಿ ಮುಗಿಸಿದರು. ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಕೋಪ ಬಂದೀತು ಎಂದುಕೊಂಡಿದ್ದೆ. ಭಾವ ತಲೆದೂಗುತ್ತಿದ್ದರು. ವೇದಿಕೆಯಿಂದ ಇಳಿದು ಬಂದವರು ನನ್ನ ಕಿವಿಯಲ್ಲಿ, "ಮೊದಲನೇ ವಾಕ್ಯ ಬರ್ಕೊಂಡ್ಯಾ? ಬೆನ್ನುಪುಟಕ್ಕೆ ಆಗುತ್ತೆ," ಎಂದರು. ತಂದ ಪ್ರತಿಗಳೆಲ್ಲ ಅಲ್ಲೇ ಖರ್ಚಾದವು. ಅಕ್ಕ ಹಿಂದಿನ ಸಾಲಿನಲ್ಲಿ ಖಾರಾಬಾತಿನ ಮೇಲುಸ್ತುವಾರಿಯಲ್ಲಿದ್ದಳು.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಹನುಮಂತನಗರದಿಂದ ವಯಸ್ಸಾದ ಹೆಂಗಸೊಬ್ಬರು ಬಸ್ಸು ಬದಲಿಸಿಕೊಂಡು ವಿಳಾಸ ಹುಡುಕುತ್ತಾ ಮನೆಗೇ ಬಂದರು. ಕಂಕುಳಲ್ಲಿ ಪುಸ್ತಕ, ಪುಸ್ತಕದೊಳಗೆ ಮಗಳ ಜಾತಕ.

"ಸಾರ್, ನಿಮ್ಮ ಪುಸ್ತಕ ಪೂರ್ತಿ ಓದ್ದೆ."

ಭಾವ ಲುಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತರು. "ಹೇಳಿ ಮೇಡಂ. ಹೇಗನ್ನಿಸ್ತು?"

"ಎಲ್ಲಾ ಸರಿ ಸಾರ್, ಎಲ್ಲಾರೂ ಸತ್ತೋದ್ರು. ಪರಿಹಾರ ಯಾವ ಪುಟದಲ್ಲಿದೆ ಅಂತ ಸಿಗಲಿಲ್ಲ."

"ಪರಿಹಾರ ಇಲ್ಲ ಮೇಡಂ. ಅದೇ ಕಾದಂಬರಿಯ ದರ್ಶನ."

"ದರ್ಶನ ಆಮೇಲೆ ಮಾಡ್ಕೋತೀನಿ ಸಾರ್, ಮೊದಲು ಪರಿಹಾರ ಹೇಳಿ. ಮಗಳಿಗೆ ಮೂವತ್ತಾಯ್ತು."

ಭಾವ ವಿಶ್ವದ ಶೂನ್ಯತೆಯ ಬಗ್ಗೆ ಏನೋ ಹೇಳಹೊರಟರು. ಅಷ್ಟರಲ್ಲಿ ಅಕ್ಕ ಕಾಫಿ ತಂದಿಟ್ಟು, "ಮಂಗಳವಾರ ರಾಹುಕಾಲದಲ್ಲಿ ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಅಮ್ಮ. ಮಗಳನ್ನೂ ಕರ್ಕೊಂಡ್ಹೋಗಿ," ಎಂದಳು. ಆ ತಾಯಿಯ ಮುಖ ಅರಳಿತು. ಕಾಫಿ ಕುಡಿದು, ಅಕ್ಕನಿಗೆ ಕೈಮುಗಿದು, ಭಾವನ ಕಡೆ ಒಂದು ಸಂದೇಹದ ನೋಟ ಬೀರಿ ಹೊರಟುಹೋದರು.

"ನೋಡಿ, ನಿಮ್ಮ ಪುಸ್ತಕಕ್ಕೆ ಕೊನೇ ಅಧ್ಯಾಯ ನಾನು ಬರ್ದೆ," ಎಂದಳು ಅಕ್ಕ.

"ಅದಿರ್ಲಿ. ಹನುಮಂತನಗರದೋರು ಪೂರ್ತಿ ಓದಿದಾರೆ. ನೀನು ಒಂದು ಪುಟ ಓದಿಲ್ಲ."

"ಅವರು ಮೋಸ ಹೋಗಿ ಓದಿದ್ದು ಕಣ್ರೀ. ನಂಗೆ ನಿಮ್ಮನ್ನ ಗೊತ್ತಲ್ಲ."

ಭಾವ ನಕ್ಕರು. ನಕ್ಕವರು ಆ ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಕ್ಕ ಓದುವುದೆಂದರೆ ಅವರಿಗೆ ತಮಾಷೆಯ ಆಸೆಯಲ್ಲ ಎಂದು ನನಗೆ ಅವತ್ತು ಹೊಳೆಯಿತು. ಹೊಳೆದರೇನು, ನಾನೂ ಅವರ ಪುಸ್ತಕ ಓದಿದ್ದು ವಿಮರ್ಶೆಗೆ ಕಳಿಸಲು ಬೇಕಾದಷ್ಟೇ. ವಿಮರ್ಶಕರು "ಕಾಗದ ಚೆನ್ನಾಗಿದೆ" ಎಂದು ವಾಪಸು ಕಳಿಸಿದ್ದರು.

ಕಳೆದ ವರ್ಷ ಅಕ್ಕನ ಕತ್ತಿನಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡಿತು. ಪರೀಕ್ಷೆಗಳಾದವು. ಥೈರಾಯ್ಡ್ ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆಯಾಯಿತು, ಗಾಯ ಮಾಯಿತು. ಆಮೇಲೆ ಇನ್ನೊಂದು ಚಿಕಿತ್ಸೆ ಉಳಿದಿತ್ತು. ಅದನ್ನು ವಿವರಿಸಲು ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡರು. ವಿಕಿರಣವಿರುವ ಅಯೋಡಿನ್ ಮಾತ್ರೆ ನುಂಗಬೇಕು. ನುಂಗಿದ ಮೇಲೆ ಕೆಲವು ದಿನ ರೋಗಿಯ ಮೈಯಿಂದಲೇ ವಿಕಿರಣ ಹೊಮ್ಮುತ್ತಿರುತ್ತದೆ. ಆದ್ದರಿಂದ ಗೋಡೆಗೆ ಸೀಸ ಹೊದಿಸಿದ ಕೋಣೆಯಲ್ಲಿ ಒಬ್ಬರೇ ಇರಬೇಕು. ಊಟವನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ನರ್ಸು ಮಾತಾಡುವುದೂ ಗೋಡೆಯ ಸ್ಪೀಕರಿನಲ್ಲೇ. ನೀರು ಚೆನ್ನಾಗಿ ಕುಡಿಯುತ್ತಿರಬೇಕು. ಗಂಡನಾದರೂ ಸರಿ, ಒಳಗೆ ಹೋಗುವಂತಿಲ್ಲ.

ನಾನು ಭಾವನ ಕಡೆ ತಿರುಗಿದೆ. ವಿಕಿರಣದ ಮೇಲೆ ಅವರು ಅಧ್ಯಾಯಗಟ್ಟಲೆ ಬರೆದಿದ್ದಾರೆ. ಚರ್ಮ ಹೇಗೆ ಸುಲಿಯುತ್ತದೆ, ಹಲ್ಲು ಯಾವ ಕ್ರಮದಲ್ಲಿ ಉದುರುತ್ತದೆ, ಎಲ್ಲ ಬಲ್ಲವರು. ಡಾಕ್ಟರಿಗೆ ಉಪನ್ಯಾಸ ಕೊಡುತ್ತಾರೆ ಎಂದೇ ಹೆದರಿದ್ದೆ.

"ಒಳಗಡೆ ಫ್ಯಾನ್ ಇದ್ಯಾ ಡಾಕ್ಟ್ರೇ?" ಎಂದರು ಭಾವ. "ಅವಳಿಗೆ ಸೆಖೆ ತಡೆಯಲ್ಲ."

ಒಳಗೆ ಹೋದ ವಸ್ತು ಕೆಲವೊಮ್ಮೆ ಹೊರಗೆ ಬರುವಂತಿಲ್ಲ, ಹಳೆಯದನ್ನೇ ತನ್ನಿ ಎಂದು ನರ್ಸು ಹೇಳಿದ್ದಳು. ಹೊರಡುವ ದಿನ ಅಕ್ಕ ಮಾಸಿದ ನೈಟಿ, ಹರಿದ ಟವೆಲು ಚೀಲಕ್ಕೆ ತುಂಬುತ್ತಿದ್ದಳು. ಹೊತ್ತು ಹೋಗಲು ಏನು ಮಾಡುತ್ತೀಯ ಎಂದೆ.

"ನಿಮ್ಮ ಭಾವನ ಪುಸ್ತಕ ಒಂದು ತೊಗೊಂಡ್ಹೋಗ್ತೀನಿ," ಎಂದಳು. "ಹೇಗಿದ್ರೂ ಬಿಸಾಕೋದೇ ಅಲ್ವಾ."

ಇಷ್ಟು ವರ್ಷ ಕಾದಿದ್ದ ಮಾತು! ಭಾವ ಎದ್ದು ಒಳಗೆ ಹೋದರು. ಬರಲೇ ಇಲ್ಲ. ನಾನು ಹೋಗಿ ನೋಡಿದರೆ ನೆಲದ ಮೇಲೆ ತಮ್ಮ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತಿದ್ದಾರೆ. ಒಂದನ್ನು ತೆಗೆದು ನೋಡುತ್ತಾರೆ, ಪಕ್ಕಕ್ಕಿಡುತ್ತಾರೆ.

"ಇದ್ರಲ್ಲಿ ವಿಕಿರಣ ಇದೆ," ಎಂದರು ನನಗೆ. "ಇದ್ರಲ್ಲಿ ಗಂಟಲಿಗೆ ಇಳಿಯೋ ಹುಳ. ಇದ್ರಲ್ಲಿ ಒಬ್ಳೇ ಹೆಂಗಸು ನೌಕೆಯಲ್ಲಿ ಸಿಕ್ಕಾಕೊಳ್ತಾಳೆ. ಇದು... ಇದೂ ಬೇಡ." ಕೊನೆಯದನ್ನೂ ಪಕ್ಕಕ್ಕಿಟ್ಟು, "ಒಂದೂ ಕೊಡೋ ಹಾಗಿಲ್ಲವಲ್ಲೋ," ಎಂದರು.

ಬರಿಗೈಯಲ್ಲಿ ಹೊರಬಂದು, "ಬೇಡ ಕಣೇ, ಓದ್ಬೇಡ. ವಾರಪತ್ರಿಕೆ ತಂದ್ಕೊಡ್ತೀನಿ," ಎಂದರು.

"ಓದು ಓದು ಅಂತ ಪ್ರಾಣ ತಿಂದು, ಈಗ ಓದ್ಬೇಡ ಅಂತೀರಾ?" ಎಂದ ಅಕ್ಕ ತಾನೇ ಒಳಗೆ ಹೋಗಿ, ಕೈಗೆ ಸಿಕ್ಕಿದ್ದೊಂದನ್ನು ತೆಗೆದು ಟವೆಲಿನ ಕೆಳಗೆ ತುರುಕಿದಳು.

ಆಸ್ಪತ್ರೆಯ ಆ ಮಹಡಿಯಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದಾರೆ. ಅದರಾಚೆ ನಾವು ಹೋಗುವಂತಿಲ್ಲ. ಗೆರೆಯಿಂದ ಬಹಳ ಹಿಂದೆ, ಲಿಫ್ಟಿನ ಪಕ್ಕ ಬೆಂಚಿದೆ. ಅಲ್ಲಿ ಕೂರುವುದರಿಂದ ಪ್ರಯೋಜನವಿಲ್ಲ, ಮನೆಗೆ ಹೋಗಿ ಎಂದು ಸೆಕ್ಯೂರಿಟಿಯವನು ಹೇಳಿದ, ನಾನೂ ಹೇಳಿದೆ. ಭಾವ ಅಲ್ಲಾಡಲಿಲ್ಲ. ಜಯನಗರ ನಾಲ್ಕನೇ ಬ್ಲಾಕನ್ನು ದಾಟಿ, ಲಾಲ್‌ಬಾಗಿನಿಂದಲೂ ಎಷ್ಟೋ ದೂರದ ಆ ಆಸ್ಪತ್ರೆಗೆ ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು ಕೂರುತ್ತಿದ್ದರು.

ಎರಡನೇ ದಿನ ಮಧ್ಯಾಹ್ನ ನಾನು ಕಾಫಿ ತಂದು ಅವರ ಪಕ್ಕ ಕೂತೆ. ಫೋನು ಹೊಡೆದುಕೊಂಡಿತು. ಅಕ್ಕನ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರು. ಅವಳ ದನಿ ಚೀಲದೊಳಗಿಂದ ಬಂದಂತೆ ಕೇಳುತ್ತಿತ್ತು. ಭಾವನಿಗೆ ಸ್ಪಷ್ಟವಾಗದೆ ಸ್ಪೀಕರ್ ಹಾಕಿದರು.

"ರೀ, ಪುಸ್ತಕ ಮುಗೀತು."

ಭಾವ ಕಾಫಿಯ ಲೋಟ ಕೆಳಗಿಟ್ಟರು. "ಪೂರ್ತಿ ಓದಿದ್ಯಾ?"

"ಓದ್ದೆ. ಎಲ್ಲಾರೂ ಸತ್ತೋದ್ರಲ್ರೀ."

"ಹೂಂ ಕಣೇ. ಅದೂ..."

"ಆಮೇಲೆ?"

"ಆಮೇಲೇನು? ಮುಗೀತಲ್ಲ."

"ಏನ್ ಮುಗಿಯೋದು? ಜನ ಹೋದ್ರೆ ಗ್ರಹ ಅಲ್ಲೇ ಇರುತ್ತಲ್ಲ. ಆಮೇಲೆ ಅಲ್ಲಿ ಏನಾಯ್ತು? ನಾನಿಲ್ಲಿ ಇನ್ನೂ ಒಬ್ಳೇ ಕೂತಿರ್ಬೇಕು. ಹೇಳಿ."

ಭಾವ ನನ್ನ ಮುಖ ನೋಡಿದರು. ಎಷ್ಟೋ ಲೋಕಗಳನ್ನು ಕಟ್ಟಿ ಕೆಡವಿದ ಮನುಷ್ಯನಿಗೆ ಒಂದು ವಾಕ್ಯ ಹೊಳೆಯುತ್ತಿರಲಿಲ್ಲ. ಆಮೇಲೆ ಫೋನನ್ನು ಎರಡು ಕೈಯಲ್ಲೂ ಹಿಡಿದು, ಬಾಯಿಗೆ ಹತ್ತಿರ ತಂದು, ಮೆಲ್ಲಗೆ ಶುರು ಮಾಡಿದರು.

"ಆಮೇಲೆ... ಬೆಳಗಾಯ್ತು."

"ಹೂಂ," ಎಂದಿತು ಫೋನು.

"ಬೆಳಕಲ್ಲಿ ನೋಡಿದ್ರೆ ಅದು ಅಂಥಾ ಜಾಗ ಏನಾಗಿರ್ಲಿಲ್ಲ. ಒಂದು ಸಣ್ಣ ಹಳ್ಳ ಇತ್ತು."

"ಹೂಂ."

"ಹಳ್ಳದ ಪಕ್ಕ ಏನೋ ಚಿಗುರಿತ್ತು. ಸೊಪ್ಪಿನ ಥರ."

ಫೋನು ಮಾತಾಡಲಿಲ್ಲ. ಭಾವ ಕತೆ ನಿಲ್ಲಿಸಿದರು. ಅವರ ಕಣ್ಣು ಹಳದಿ ಗೆರೆಯಾಚೆಯ ಮುಚ್ಚಿದ ಬಾಗಿಲಿಗೆ ಅಂಟಿಕೊಂಡಿತ್ತು.

"ಕೇಳಿಸ್ಕೊಳ್ತಿದೀಯೇನೇ?"

"ಹೂಂ ರೀ, ಹೇಳಿ. ನೀರು ಕುಡೀತಿದ್ದೆ."